ಮನೆಯಲ್ಲೇ ಸೌನಾ: ಮೊದಲು ಜಗಲಿ ಅಳೆಯಿರಿ, ಆಮೇಲೆ ಒಲೆ ಕೊಳ್ಳಿ

ತಾಂಪೆರೆಯಲ್ಲಿ ನಾವು ಕೊಂಡ ಸಾಲುಮನೆಯಲ್ಲಿ ಬಚ್ಚಲಿನ ಪಕ್ಕಕ್ಕೇ ಒಂದು ಹಳೆಯ ಸೌನಾ ಇತ್ತು. ಸೌನಾ ಅಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ, ನೀರು ಹಾಕಿ, ಆ ಹಬೆಯಲ್ಲಿ ಬೆವರುತ್ತಾ ಕೂರುವ ಮರದ ಕೋಣೆ. ಫಿನ್ಲೆಂಡಿನಲ್ಲಿ ಇದೇನೂ ದೊಡ್ಡ ವಿಷಯ ಅಲ್ಲ. ಇಲ್ಲಿ ಜನ ಸುಮಾರು 55 ಲಕ್ಷ, ಸೌನಾಗಳು ಸುಮಾರು 30 ಲಕ್ಷ ಅನ್ನುವುದು ರೂಢಿಯ ಅಂದಾಜು. ಆದರೆ ನಮ್ಮ ಸೌನಾದಲ್ಲಿ ಕೂತರೆ ತಲೆ ಸುಡುತ್ತಿತ್ತು, ಪಾದ ಕೊರೆಯುತ್ತಿತ್ತು. ಒಲೆ ಚಿಕ್ಕದಾಗಿದೆ ಅಂದುಕೊಂಡು ದೊಡ್ಡದು ಹಾಕಿಸಿದೆ. ತಲೆ ಇನ್ನೂ ಜಾಸ್ತಿ ಸುಟ್ಟಿತು. ಪಾದ ಮೊದಲಿನ ಹಾಗೇ ತಣ್ಣಗೆ.

ಪಕ್ಕದ ಮನೆಯ ಅಜ್ಜ ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಬಂದವರು ಹೊಸ ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಟೇಪು ಹಿಡಿದು, ಕೂರುವ ಜಗಲಿಯಿಂದ ಸೀಲಿಂಗಿಗೆ ಎಷ್ಟಿದೆ ಎಂದು ಅಳೆದರು. 150 ಸೆಂ.ಮೀ. ಇತ್ತು. "ಸೌನಾ ಮೇಲಿದೆ, ನೀನು ಕೆಳಗೆ ಕೂತಿದ್ದೀಯ" ಅಂದರು. ಆಮೇಲೆ ಎಲ್ಲ ಕಿತ್ತು ಹೊಸದಾಗಿ ಕಟ್ಟಿದೆವು. ಫಿನ್ಲೆಂಡ್, ಸ್ವೀಡನ್, ಅಮೆರಿಕ, ಕೆನಡಾಗಳಲ್ಲಿ ಮನೆ ಮಾಡಿಕೊಂಡು "ನಾವೂ ಒಂದು ಕಟ್ಟಿಸೋಣವೇ" ಎಂದು ಯೋಚಿಸುತ್ತಿರುವ ಕನ್ನಡಿಗರಿಗೆ ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಇಂಗ್ಲಿಷಿನ ಪ್ರಭಾವದಲ್ಲಿ ಹಲವರು ಇದನ್ನು 'ಸಾನಾ' ಅನ್ನುತ್ತಾರೆ. ಫಿನ್ನಿಷ್ ಜನ ಹೇಳುವುದು ಸೌನಾ ಎಂದೇ, ನಮ್ಮ ಔಕಾರದ ಹಾಗೆ. ಇಲ್ಲಿ ಸೌನಾದ ವಾರ ಶನಿವಾರ. ಶನಿವಾರಕ್ಕೆ ಫಿನ್ನಿಷಿನಲ್ಲಿ 'ಲೌವಂತಾಯ್' ಅನ್ನುತ್ತಾರೆ. ಹಳೆಯ ಸ್ಕ್ಯಾಂಡಿನೇವಿಯನ್ ಭಾಷೆಯ 'ಮೀಯುವ ದಿನ' ಅನ್ನುವ ಮಾತಿನಿಂದ ಬಂದದ್ದು ಅದು. ನಮ್ಮ ಅಜ್ಜನ ಎಣ್ಣೆ ಸ್ನಾನದ ವಾರವೂ ಶನಿವಾರವೇ ಆಗಿತ್ತು. ಹಾಗಾಗಿ ನನಗೆ ಇದು ಅಷ್ಟೇನೂ ಹೊರಗಿನದು ಅನ್ನಿಸಲಿಲ್ಲ.

ಯಾವ ಸೌನಾ?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮನೆಯೊಳಗಾದರೆ ಕರೆಂಟಿನ ಒಲೆ. ಹಿತ್ತಲಲ್ಲಿ ಬೇರೆ ಗುಡಿಸಲು ಕಟ್ಟುವ ಜಾಗ ಇದ್ದರೆ ಸೌದೆ ಒಲೆ. ಇನ್ಫ್ರಾರೆಡ್ ಪೆಟ್ಟಿಗೆಗಳನ್ನೂ ಸೌನಾ ಎಂದು ಮಾರುತ್ತಾರೆ. ಅದರಲ್ಲಿ ಕಲ್ಲಿಲ್ಲ, ನೀರಿಲ್ಲ, ಹಬೆಯಿಲ್ಲ. ಮೈ ಬೆಚ್ಚಗಾಗುತ್ತದೆ, ಸರಿ. ಫಿನ್ನಿಷ್ ಜನರ ಎದುರು ಮಾತ್ರ ಅದನ್ನು ಸೌನಾ ಎಂದು ಕರೆಯಬೇಡಿ. ಪೀಪಾಯಿ ಆಕಾರದ ಸೌನಾ ನೋಡಲು ಚೆಂದ. ಆದರೆ ಬಹುಪಾಲು ಪೀಪಾಯಿಗಳಲ್ಲಿ ಜಗಲಿ ಎತ್ತರಿಸಲು ಜಾಗವೇ ಇರುವುದಿಲ್ಲ. ಪಾದ ನೆಲದ ಹತ್ತಿರವೇ ಉಳಿಯುತ್ತದೆ. ನಾನು ಪಟ್ಟ ಪಾಡು ಅದೇ.

ಜಗಲಿ: ಇಡೀ ಲೆಕ್ಕ ಇಲ್ಲಿಂದ ಶುರು

ಬಿಸಿ ಗಾಳಿ ಮೇಲೇರುತ್ತದೆ, ಎಲ್ಲರಿಗೂ ಗೊತ್ತು. ಆದರೆ ಸೌನಾದೊಳಗೆ ಆ ವ್ಯತ್ಯಾಸ ಎಷ್ಟು ಎಂದು ಕೂತು ನೋಡಿದ ಮೇಲೇ ತಿಳಿಯುವುದು. ಸೀಲಿಂಗಿನ ಹತ್ತಿರ 90 ಡಿಗ್ರಿ ಇರುವಾಗ ನೆಲದ ಹತ್ತಿರ 40 ಇರಬಹುದು. ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಹಬೆಗೆ ಫಿನ್ನಿಷಿನಲ್ಲಿ 'ಲೊಯ್ಲು' ಅನ್ನುತ್ತಾರೆ. ಅದು ನೇರ ಸೀಲಿಂಗಿಗೆ ಹೋಗಿ, ಅಲ್ಲಿ ಹರಡಿ, ನಿಧಾನಕ್ಕೆ ಹೆಗಲ ಮೇಲೆ ಇಳಿಯುತ್ತದೆ. ಸೌನಾ ಅಂದರೆ ಆ ಇಳಿಯುವ ಹಬೆ. ಅದು ಮುಟ್ಟದ ಜಾಗದಲ್ಲಿ ಕಾಲಿಟ್ಟರೆ ಮೈಯ ಅರ್ಧಕ್ಕೆ ಮಾತ್ರ ಸೌನಾ.

ಅದಕ್ಕೇ ಇಲ್ಲಿನವರ ಹಳೆಯ ಅಳತೆ: ಪಾದ ಒಲೆಯ ಕಲ್ಲಿನ ತುದಿಗಿಂತ ಮೇಲಿರಬೇಕು. ತಲೆ ಸೀಲಿಂಗಿಗೆ ತಾಗಬಾರದು. ಇವೆರಡರ ನಡುವೆ ಎಲ್ಲವನ್ನೂ ಕೂರಿಸಬೇಕು.

ಲೆಕ್ಕ ಹೀಗೆ. ಮೇಲಿನ ಜಗಲಿಯಿಂದ ಸೀಲಿಂಗಿಗೆ 110 ಸೆಂ.ಮೀ. ಬಿಡಿ. ಎತ್ತರದ ಆಳುಗಳಿದ್ದರೆ 120. ಅದಕ್ಕಿಂತ ಜಾಸ್ತಿ ಬೇಡ. ಕಾಲಿಡುವ ಕೆಳಗಿನ ಜಗಲಿ ಅದಕ್ಕಿಂತ 40ರಿಂದ 45 ಸೆಂ.ಮೀ. ಕೆಳಗೆ. ನಮ್ಮ ಕೋಣೆಯ ಎತ್ತರ 240. ಕೂರುವ ಜಗಲಿ ನೆಲದಿಂದ 130ಕ್ಕೆ ಬಂತು, ಪಾದ 87ಕ್ಕೆ. ಒಲೆಯ ಕಲ್ಲಿನ ತುದಿ 80ರ ಆಸುಪಾಸು. ಸಾಕು. ಸೀಲಿಂಗ್ 210 ಮಾತ್ರ ಇದ್ದರೆ ಪಾದ 60ರ ಹತ್ತಿರ ಇಳಿಯುತ್ತದೆ. ಆಗ ಕುಳ್ಳಗಿನ ಒಲೆ ಹುಡುಕಿ, ಇಲ್ಲವೇ ಕಾಲನ್ನೂ ಮೇಲೆ ಮಡಚಿ ಕೂರಲು ಆಗುವಷ್ಟು ಅಗಲದ ಜಗಲಿ ಮಾಡಿಸಿ.

ಅಗಲ ಮೇಲಿನದಕ್ಕೆ ಕಡಿಮೆ ಅಂದರೂ 60 ಸೆಂ.ಮೀ., ಕೆಳಗಿನದಕ್ಕೆ 40. ಯಾರಾದರೂ ಮಲಗಬೇಕು ಅಂದರೆ ಉದ್ದ 190 ಬೇಕು. ಮೇಲೆ ಹತ್ತಲು ಒಂದು ಮೆಟ್ಟಿಲು. ಜಗಲಿಯನ್ನು ಗೋಡೆಗೆ ಭದ್ರವಾಗಿ ಜಡಿದುಬಿಡಬೇಡಿ. ಚೌಕಟ್ಟಿನ ಮೇಲೆ ಕೂರಿಸಿ, ಎತ್ತಿ ತೆಗೆಯುವ ಹಾಗೆ ಇರಲಿ. ಅದರ ಕೆಳಗೆ ಬೀಳುವ ಬೆವರು, ಕೂದಲು, ಮೈಗೆ ಬಡಿದುಕೊಳ್ಳುವ ಸೊಪ್ಪಿನ ಎಲೆ ಚೂರುಗಳನ್ನು ಯಾರಾದರೂ ಗುಡಿಸಬೇಕಲ್ವಾ?

ಒಲೆ ಎಷ್ಟು ದೊಡ್ಡದು

ಒಂದು ಘನ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್. ಇದೇ ಅಂದಾಜಿನ ಸೂತ್ರ. ನಮ್ಮದು 2 ಮೀಟರ್ ಉದ್ದ, 1.8 ಅಗಲ, 2.4 ಎತ್ತರ. ಗುಣಿಸಿದರೆ 8.6 ಘನ ಮೀಟರ್. ಗಾಜು, ಟೈಲ್ಸ್, ಬರೀ ಇಟ್ಟಿಗೆ, ಕಾಂಕ್ರೀಟು ಇವೆಲ್ಲ ಕಾವನ್ನು ಹೀರುತ್ತವೆ. ಇಂಥ ಒಂದೊಂದು ಚದರ ಮೀಟರಿಗೂ 1.2 ಘನ ಮೀಟರ್ ಸೇರಿಸಿ ಲೆಕ್ಕ ಹಾಕಬೇಕು. ಗಾಜಿನ ಬಾಗಿಲು 1.3 ಚದರ ಮೀಟರ್ ಇದೆ, ಅದಕ್ಕೆ 1.6 ಸೇರಿತು. ಒಟ್ಟು ಹತ್ತರ ಹತ್ತಿರ. 9 ಕಿಲೋವ್ಯಾಟಿನ ಒಲೆ ಸಾಕಾಯಿತು. ಒಲೆಯ ಕೈಪಿಡಿಯಲ್ಲಿ ಎಷ್ಟರಿಂದ ಎಷ್ಟು ಘನ ಮೀಟರಿಗೆ ಎಂದು ಬರೆದಿರುತ್ತಾರೆ. ಕೊನೆಯ ಮಾತು ಅದೇ.

ಇಡೀ ಗೋಡೆಯನ್ನು ಗಾಜು ಮಾಡಿಸುವ ಆಸೆ ಈಗ ಎಲ್ಲರಿಗೂ. ನೋಡಲು ಚೆಂದ, ಆದರೆ ಒಲೆ ದೊಡ್ಡದಾಗುತ್ತದೆ, ಬಿಲ್ಲೂ ದೊಡ್ಡದಾಗುತ್ತದೆ. ದೊಡ್ಡ ಒಲೆ ಗಾಳಿಯನ್ನು ಬೇಗ ಕಾಯಿಸುತ್ತದೆ, ಕಲ್ಲು ಹಿಂದೆ ಬೀಳುತ್ತದೆ. ಥರ್ಮಾಮೀಟರ್ 80 ತೋರಿಸಿದರೂ ನೀರು ಹಾಕಿದರೆ ಚುಂಯ್ ಅನ್ನದೆ ಸುಮ್ನೆ ಸೋರಿ ಹೋಗುತ್ತದೆ.

ಕರೆಂಟಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ಫಿನ್ಲೆಂಡಿನಲ್ಲಂತೂ ಕಾನೂನೇ ಹಾಗಿದೆ. 9 ಕಿಲೋವ್ಯಾಟ್ ಒಲೆ 400 ವೋಲ್ಟಿನ ತ್ರೀ ಫೇಸಿನಲ್ಲಿ ಒಂದೊಂದು ಫೇಸಿಗೆ 13 ಆಂಪಿಯರ್ ಎಳೆಯುತ್ತದೆ. ಹಾಗಾಗಿ 16 ಆಂಪಿಯರ್ ಫ್ಯೂಸ್ ಬೇಕು. ಒಲೆಗೆ ಸೇರುವ ಕೇಬಲ್ ರಬ್ಬರ್ ಹೊದಿಕೆಯದೇ ಆಗಿರಲಿ. ಮಾಮೂಲಿ ಪಿವಿಸಿ ಆ ಕಾವಿಗೆ ಗಡುಸಾಗಿ ಬಿರುಕು ಬಿಡುತ್ತದೆ.

ಗೋಡೆಯೊಳಗೆ ಏನಿರಬೇಕು

ಮರದ ಹಲಗೆ ಕಣ್ಣಿಗೆ ಕಾಣುವ ಭಾಗ ಮಾತ್ರ. ಸೌನಾ ಹಾಳಾಗುವುದು ಅದರ ಹಿಂದೆ. ಹಬೆ ಹಲಗೆಯ ಸಂದಿಯಲ್ಲಿ ನುಗ್ಗುತ್ತದೆ, ತಣ್ಣಗಿನ ಜಾಗ ಸಿಕ್ಕ ಕೂಡಲೇ ನೀರಾಗುತ್ತದೆ. ಆ ನೀರು ಗೋಡೆಯ ಒಳಗೆ ಉಳಿದರೆ ಬೂಷ್ಟು, ಆಮೇಲೆ ಕೊಳೆತ. ನಮ್ಮ ಹಳೆಯ ಸೌನಾವನ್ನು ಕಿತ್ತಾಗ ಒಂದು ಮೂಲೆಯ ತೊಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹಲಗೆಯ ಹಿಂದೆ ಹಬೆ ತಡೆಯುವ ಫಾಯಿಲಿಗೆ ಟೇಪ್ ಹಚ್ಚುವುದನ್ನು ಯಾರೋ ಅಲ್ಲಿ ಮರೆತಿದ್ದರು.

ಹೊರಗಿನಿಂದ ಒಳಕ್ಕೆ ಬನ್ನಿ. ಮೊದಲು ಮರದ ಚೌಕಟ್ಟು. ಅದರ ನಡುವೆ ಕಾವು ತಡೆಯುವ ಉಣ್ಣೆ, ಅಂದರೆ ರಾಕ್‌ವುಲ್ ಅಥವಾ ಗ್ಲಾಸ್‌ವುಲ್, ಗೋಡೆಗೆ ಸುಮಾರು 10 ಸೆಂ.ಮೀ. ದಪ್ಪ. ಸೀಲಿಂಗಿಗೆ ಅದಕ್ಕಿಂತ ಕಡಿಮೆ ಬೇಡವೇ ಬೇಡ. ಥರ್ಮೋಕೋಲ್ ಹಾಕಿಸುವ ಯೋಚನೆ ಮಾಡಬೇಡಿ, ಅದು ಸೌನಾದ ಕಾವಿಗೆ ಮೆತ್ತಗಾಗುತ್ತದೆ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಕಾಗದ, ಯಾವತ್ತೂ ಬಿಸಿಯ ಕಡೆಗೆ, ಅಂದರೆ ಕೋಣೆಯ ಒಳಗಿನ ಕಡೆಗೆ. ಒಂದು ಹಾಳೆಯ ಮೇಲೆ ಇನ್ನೊಂದು ಒಂದು ಗೇಣಿನಷ್ಟು ಬರಲಿ. ಎಲ್ಲ ಜೋಡಣೆಗೂ, ಎಲ್ಲ ತೂತಿಗೂ ಅಲ್ಯೂಮಿನಿಯಂ ಟೇಪ್. ಫಾಯಿಲಿನ ಕೆಳ ಅಂಚು ನೆಲದ ವಾಟರ್‌ಪ್ರೂಫಿಂಗಿನ ಮೇಲೆ ಇಳಿದಿರಬೇಕು. ಫಾಯಿಲಿನ ಮೇಲೆ ಹರಿದ ನೀರು ನೆಲಕ್ಕೆ ಬರಲಿ, ಗೋಡೆಗೆ ಹೋಗುವುದು ಬೇಡ. ಎರಡೂ ಮುಖಕ್ಕೆ ಫಾಯಿಲ್ ಅಂಟಿಸಿದ ಪಿಐಆರ್ ಎಂಬ ಗಟ್ಟಿ ಫೋಮಿನ ಫಲಕಗಳೂ ಈಗ ಸಿಗುತ್ತವೆ. ಉಣ್ಣೆ ಮತ್ತು ಫಾಯಿಲ್ ಎರಡರ ಕೆಲಸವೂ ಒಂದರಲ್ಲೇ ಮುಗಿಯುತ್ತದೆ. ಟೇಪ್ ಮಾತ್ರ ಅದಕ್ಕೂ ಬೇಕು.

ಫಾಯಿಲಿನ ಮೇಲೆ 2 ಸೆಂ.ಮೀ. ದಪ್ಪದ ರೀಪು. ರೀಪಿನ ಮೇಲೆ ಹಲಗೆ. ಈ 2 ಸೆಂ.ಮೀ. ಸಂದಿಯೇ ಹಲಗೆಯ ಬೆನ್ನನ್ನು ಒಣಗಿಸುವುದು. ಹಲಗೆಯನ್ನು ಅಡ್ಡ ಹೊಡೆದರೆ ರೀಪು ಉದ್ದಕ್ಕೆ ನಿಲ್ಲುತ್ತದೆ, ಗಾಳಿ ಕೆಳಗಿನಿಂದ ಮೇಲಕ್ಕೆ ಸಲೀಸಾಗಿ ಓಡುತ್ತದೆ. ನಾವು ಹಾಗೇ ಮಾಡಿದೆವು. ಕೆಳಗೆ ನೆಲದಿಂದ ಕೆಲವು ಸೆಂ.ಮೀ., ಮೇಲೆ ಸೀಲಿಂಗಿನ ಹತ್ತಿರ ಕಿರುಬೆರಳು ತೂರುವಷ್ಟು ಬಿಡಿ. ಲೈಟು, ಸೆನ್ಸರ್, ಒಲೆಗೆ ಹೋಗುವ ವೈರು, ಗಾಳಿ ಕೊಳವೆ ಎಲ್ಲವೂ ಹಲಗೆ ಹೊಡೆಯುವ ಮೊದಲೇ ಮುಗಿದಿರಬೇಕು. ಎಲ್ಲೆಲ್ಲಿ ಏನಿದೆ ಎಂದು ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಗಾಳಿ

ನಮ್ಮೂರಿನ ಬಚ್ಚಲು ಮನೆಗೆ ಹೆಂಚಿನ ಸಂದಿಯೇ ಗಾಳಿಕಿಂಡಿ. ಹಂಡೆ ಒಲೆಯ ಹೊಗೆ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಇಲ್ಲಿ ಮನೆಗಳು ಡಬ್ಬಿಯ ಹಾಗೆ ಬಿಗಿ. ಗಾಳಿಗೆ ನೀವೇ ದಾರಿ ಮಾಡಿಕೊಡಬೇಕು. ಸೌನಾದಲ್ಲಿ ಉಸಿರು ಕಟ್ಟಿದ ಹಾಗಾದರೆ ಜನ ಬಿಸಿಯನ್ನು ಬಯ್ಯುತ್ತಾರೆ. ಬಹಳ ಸಲ ತಪ್ಪು ಹಳಸಿದ ಗಾಳಿಯದು.

ಕರೆಂಟಿನ ಒಲೆ, ಫ್ಯಾನಿನಿಂದ ಗಾಳಿ ಎಳೆಯುವ ವ್ಯವಸ್ಥೆ ಇದ್ದರೆ ಹೊಸ ಗಾಳಿ ಒಲೆಯ ಮೇಲಿಂದ ಬರಲಿ, ಕಲ್ಲಿಗಿಂತ ಅರ್ಧ ಮೀಟರ್ ಎತ್ತರದಲ್ಲಿ. ತಣ್ಣಗಿನ ಗಾಳಿ ಅಲ್ಲಿ ಏಳುವ ಬಿಸಿಯ ಜೊತೆ ಬೆರೆತು ಹರಡುತ್ತದೆ. ಹಳೆಯ ಗಾಳಿ ಹೊರಗೆ ಹೋಗುವ ಕಿಂಡಿ ಎದುರು ಕಡೆ, ಜಗಲಿಯ ಕೆಳಗೆ. ಇದು ಮೊದಲಿಗೆ ತಲೆಕೆಳಗು ಅನ್ನಿಸುತ್ತದೆ. ಹೊರಹೋಗುವ ಕಿಂಡಿ ಮೇಲಿದ್ದರೆ, ನೀವು ದುಡ್ಡು ಕೊಟ್ಟು ಕಾಯಿಸಿದ ಹಬೆಯೇ ಮೊದಲು ಓಡಿಹೋಗುತ್ತದೆ. ಕೆಳಗಿದ್ದರೆ ತಣ್ಣಗಿನ, ಬಳಸಿದ ಗಾಳಿ ಹೋಗುತ್ತದೆ, ಬಿಸಿ ಪಾದದ ಕಡೆ ಇಳಿಯುತ್ತದೆ. ಕೋಣೆಯ ಗಾಳಿ ಗಂಟೆಗೆ ಆರು ಸಲ ಬದಲಾಗಬೇಕು ಎಂಬುದು ಒಲೆ ತಯಾರಿಸುವವರ ಲೆಕ್ಕ. ಸೀಲಿಂಗಿನ ಹತ್ತಿರ ಮುಚ್ಚಿ ತೆರೆಯುವ ಇನ್ನೊಂದು ಕಿಂಡಿ ಇರಲಿ. ಅದನ್ನು ತೆರೆಯುವುದು ಎಲ್ಲ ಮುಗಿದ ಮೇಲೆ, ಕೋಣೆ ಒಣಗಲು.

ಒಂದು ಎಚ್ಚರಿಕೆ. ಬರುವ ತಣ್ಣನೆಯ ಗಾಳಿ ಒಲೆಯ ಸೆನ್ಸರಿಗೆ ಬಡಿಯಬಾರದು. ಬಡಿದರೆ ಕೋಣೆ ಇನ್ನೂ ತಣ್ಣಗಿದೆ ಎಂದು ಅದು ಮೋಸಹೋಗುತ್ತದೆ. ಒಲೆ ಉರಿಯುತ್ತಲೇ ಇರುತ್ತದೆ.

ನೆಲ, ಬಾಗಿಲು, ಬೆಳಕು

ನೆಲಕ್ಕೆ ಟೈಲ್ಸ್, ಅದರಡಿ ವಾಟರ್‌ಪ್ರೂಫಿಂಗ್. ಅದು ಗೋಡೆಯ ಮೇಲೂ 10 ಸೆಂ.ಮೀ. ಹತ್ತಿರಲಿ. ನೀರು ಹೋಗುವ ಕಡೆಗೆ ಇಳಿಜಾರು. ಸಾಲುಮನೆ, ಫ್ಲ್ಯಾಟುಗಳಲ್ಲಿ ಹೌಸಿಂಗ್ ಕಂಪನಿಗೆ (ನಮ್ಮ ಅಪಾರ್ಟ್‌ಮೆಂಟ್ ಸಂಘದ ಹಾಗೆ) ಮೊದಲೇ ಬರೆದು ತಿಳಿಸಬೇಕು. ನೀರು ಕೆಳಗಿನ ಮನೆಗೆ ಇಳಿದ ಮೇಲೆ ತಿಳಿಸಿದರೆ ಪ್ರಯೋಜನವಿಲ್ಲ.

ಬಾಗಿಲು ಹೊರಗೆ ತೆರೆಯಬೇಕು. ಚಿಲಕ, ಬೀಗ ಬೇಡ. ತಲೆ ಸುತ್ತಿ ಬೀಳುವವನು ಬಾಗಿಲಿಗೆ ಒರಗಿದರೂ ಅದು ತೆರೆಯಬೇಕು. ಹಿಡಿ ಮರದ್ದು. ಲೈಟು ಜಗಲಿಯ ಹಿಂದೆ, ಒರಗು ಹಲಗೆಯ ಮರೆಯಲ್ಲಿ, ಮಂದವಾಗಿ. ಸೌನಾಕ್ಕೆಂದೇ ಮಾಡಿದ, ಆ ಕಾವು ತಡೆಯುವ ದೀಪವೇ ಬೇಕು. ಮನೆಯ ಎಲ್‌ಇಡಿ ಪಟ್ಟಿ ಅಲ್ಲಿ ಬದುಕುವುದಿಲ್ಲ.

ಮರ: ನಮ್ಮ ಲೆಕ್ಕ ಇಲ್ಲಿ ಉಲ್ಟಾ

ತೇಗ, ಬೀಟೆ, ಹೊನ್ನೆ ಅಂದರೆ ನಮಗೆ ಶ್ರೇಷ್ಠ. ಮರ ಗಟ್ಟಿಯಿದ್ದಷ್ಟೂ ಒಳ್ಳೆಯದು. ಸೌನಾ ಜಗಲಿಗೆ ಆ ಮಾತು ನಡೆಯುವುದಿಲ್ಲ. ಗಟ್ಟಿ ಮರ ಕಾವನ್ನು ಚರ್ಮಕ್ಕೆ ಬೇಗ ದಾಟಿಸುತ್ತದೆ. ಹಗುರ ಮರದೊಳಗೆ ಗಾಳಿ ಇರುತ್ತದೆ, 90 ಡಿಗ್ರಿಯಲ್ಲೂ ಕೂರಬಹುದು. ಇಲ್ಲಿ ಜಗಲಿಗೆ ಆಸ್ಪೆನ್, ಆಲ್ಡರ್, ಆಫ್ರಿಕಾದ ಅಬಾಚಿ ಬಳಸುತ್ತಾರೆ. ಗೋಡೆಗೆ ಸ್ಪ್ರೂಸ್, ಪೈನ್ ನಡೆಯುತ್ತದೆ. ಜಗಲಿಗೆ ಪೈನ್ ಬೇಡ. ಗಂಟಿನಿಂದ ಬಿಸಿ ರಾಳ ಒಸರಿ ಮೈಗೆ ಅಂಟುತ್ತದೆ.

ಸ್ಕ್ರೂಗಳನ್ನು ಜಗಲಿಯ ಕೆಳಗಿನಿಂದ ಹಾಕಿಸಿ. ಕಾದ ಸ್ಕ್ರೂ ತಲೆಯ ಮೇಲೆ ಒಮ್ಮೆ ಕೂತವರಿಗೆ ಕಾರಣ ಹೇಳಬೇಕಿಲ್ಲ. ಪಟ್ಟಿಗಳ ನಡುವೆ ಒಂದು ಸೆಂ.ಮೀ. ಸಂದಿ. ಪ್ಲೈವುಡ್, ಎಂಡಿಎಫ್, ಔಷಧಿ ಹೊಡೆದ ಮರ, ವಾರ್ನಿಷ್ ಯಾವುದೂ ಒಳಗೆ ಬರಬಾರದು. ಕಾದಾಗ ಅವುಗಳ ವಾಸನೆಯನ್ನು ನೀವೇ ಉಸಿರಾಡುತ್ತೀರಿ. ಸೌನಾಕ್ಕೆಂದೇ ಸಿಗುವ ಪ್ಯಾರಾಫಿನ್ ಎಣ್ಣೆಯನ್ನು ಜಗಲಿಗೆ ಒಂದು ಕೈ ಒರೆಸಿದರೆ ಸಾಕು.

ಕಲ್ಲು ಮತ್ತು ಮೊದಲ ಬೆಂಕಿ

ಹೊಳೆದಂಡೆಯ ಕಲ್ಲು ಆರಿಸಿ ತರಬೇಡಿ. ಕಾದ ಮೇಲೆ ನೀರು ಬಿದ್ದರೆ ಸಿಡಿಯಬಹುದು. ಸೌನಾ ಕಲ್ಲು ಎಂದೇ ಮಾರುವ ಆಲಿವಿನ್ ಡಯಾಬೇಸ್ ಅಥವಾ ಪೆರಿಡೊಟೈಟ್ ತನ್ನಿ. ಕರೆಂಟಿನ ಒಲೆಗೆ 5ರಿಂದ 10 ಸೆಂ.ಮೀ. ಗಾತ್ರ. ತೊಳೆದು, ದೊಡ್ಡವನ್ನು ಕೆಳಗೆ, ಚಿಕ್ಕವನ್ನು ಮೇಲೆ, ಸಡಿಲವಾಗಿ ಜೋಡಿಸಿ. ಬಿಗಿಯಾಗಿ ತುಂಬಿದರೆ ಗಾಳಿ ಓಡದೆ ಒಲೆಯ ಕಾಯಿಲ್ ಸುಟ್ಟುಹೋಗುತ್ತದೆ. ತೀರಾ ಸಡಿಲವಾಗಿ ಕಾಯಿಲ್ ಕಾಣುವ ಹಾಗೂ ಇರಬಾರದು. ವರ್ಷಕ್ಕೊಮ್ಮೆ ಎಲ್ಲ ಕೆಳಗಿಳಿಸಿ, ಪುಡಿಯಾದವನ್ನು ಎಸೆದು, ಮತ್ತೆ ಜೋಡಿಸಿ.

ನೀರು ಕುಡಿಯುವಂಥದ್ದು ಇರಲಿ. ಸಮುದ್ರದ ನೀರು, ಈಜುಕೊಳದ ನೀರು ಒಲೆಯನ್ನು ತಿಂದುಹಾಕುತ್ತವೆ. ಗಡಸು ಬೋರ್‌ವೆಲ್ ನೀರೂ ಕಲ್ಲಿನ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ.

ಮೊದಲ ಸಲ ಕಾಯಿಸುವಾಗ ಯಾರೂ ಒಳಗೆ ಕೂರಬೇಡಿ. ಬಾಗಿಲು, ಕಿಟಕಿ ತೆರೆದಿಡಿ. ಹೊಸ ಒಲೆಯ ಮೇಲಿನ ಎಣ್ಣೆ ಸುಟ್ಟು ವಾಸನೆ ಬರುತ್ತದೆ. ಅದು ಹೋದ ಮೇಲೆ ನಿಮ್ಮ ಸರದಿ.

ಸೌದೆ ಒಲೆಯವರಿಗೆ ನಾಲ್ಕು ಮಾತು

ಒಲೆಯಿಂದ ಮರದ ಗೋಡೆಗೆ ಎಷ್ಟು ದೂರ ಎಂದು ಕೈಪಿಡಿಯಲ್ಲಿರುತ್ತದೆ. ಒಂದು ಸೆಂ.ಮೀ. ಕೂಡ ಕಡಿಮೆ ಮಾಡಬೇಡಿ. ಹೊಗೆಕೊಳವೆ ಸೀಲಿಂಗ್ ದಾಟುವ ಜಾಗವೇ ಬೆಂಕಿ ಹತ್ತುವ ಜಾಗ. ಅದನ್ನು ಗೊತ್ತಿದ್ದವರಿಂದಲೇ ಮಾಡಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಪಕ್ಕದ ಕೋಣೆಯಲ್ಲಿರಲಿ. ಫಿನ್ಲೆಂಡಿನಲ್ಲಿ ಹೊಸ ಕಟ್ಟಡ ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹಿತ್ತಲಲ್ಲಿ ಅಡಿಪಾಯ ತೋಡುವ ಮೊದಲು ನಿಮ್ಮ ನಗರಸಭೆಯ ಕಟ್ಟಡ ವಿಭಾಗಕ್ಕೆ ಫೋನ್ ಮಾಡಿ.

ಸೌದೆ ಒಲೆಯ ಹಬೆ ಹೇಗಿರುತ್ತದೆ ಎಂದು ಕೂತು ನೋಡಬೇಕಾದರೆ ತಾಂಪೆರೆಯ ರಾಯಾಪೋರ್ತಿಗೆ ಹೋಗಿ. 1906ರಿಂದ ನಡೆಯುತ್ತಿರುವ ಸಾರ್ವಜನಿಕ ಸೌನಾ ಅದು, ಈ ದೇಶದಲ್ಲಿ ಈಗಲೂ ನಡೆಯುತ್ತಿರುವವುಗಳಲ್ಲಿ ಅತಿ ಹಳೆಯದು. ಮೇಲೆ ಕೂತು ಪಾದ ಎಲ್ಲಿದೆ ನೋಡಿಕೊಳ್ಳಿ. ನನ್ನ ಟೇಪಿನ ಲೆಕ್ಕಕ್ಕಿಂತ ಬೇಗ ಅರ್ಥವಾಗುತ್ತದೆ.

ಊರಲ್ಲಿ ಕಟ್ಟಬಹುದಾ?

ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ ಆಸೆ ಹುಟ್ಟುವುದು ಸಹಜ. ಮಂಗಳೂರಿನ ಮೇ ತಿಂಗಳಲ್ಲಿ ಮನೆಯೇ ಸೌನಾ, ಬಿಡಿ. ಕಟ್ಟುವುದಾದರೆ ಮೊದಲು ಕರೆಂಟು ನೋಡಿ. ಮನೆಗೆ ಮಂಜೂರಾದ ಲೋಡ್ 9 ಕಿಲೋವ್ಯಾಟ್ ಒಲೆಯನ್ನು ತಡೆಯುವುದು ಅಪರೂಪ. ಲೋಡ್ ಹೆಚ್ಚಿಸಿಕೊಂಡು ತ್ರೀ ಫೇಸ್ ಹಾಕಿಸಬೇಕು. ಎರಡನೆಯದು ಗೆದ್ದಲು. ಮರ ಎಲ್ಲೂ ನೆಲ ಮುಟ್ಟದಿರಲಿ. ಮಳೆಗಾಲದಲ್ಲಿ ಬಳಸದೆ ಬಿಟ್ಟರೂ ವಾರಕ್ಕೊಮ್ಮೆ ಬರಿದೇ ಕಾಯಿಸಿ ಒಣಗಿಸಿ.

ಕೂರುವಾಗ

ಮೊದಲು ಸ್ನಾನ. ಕೂರುವ ಜಾಗಕ್ಕೆ ಚಿಕ್ಕ ಟವೆಲ್. 70ರಿಂದ 90 ಡಿಗ್ರಿ, ಹತ್ತು ಹದಿನೈದು ನಿಮಿಷ. ಒಂದೊಂದೇ ಸೌಟು ನೀರು ಹಾಕಿ. ಹೊರಗೆ ಬಂದು ತಣ್ಣಗಾಗಿ, ನೀರು ಕುಡಿದು, ಮನಸ್ಸಿದ್ದರೆ ಮತ್ತೆ. ಇದು ಯಾರು ಎಷ್ಟು ಹೊತ್ತು ತಡೆಯುತ್ತಾರೆ ಅನ್ನುವ ಪಂದ್ಯ ಅಲ್ಲ. ಕುಡಿದು ಒಳಗೆ ಹೋಗಬೇಡಿ. ಹೃದಯದ ತೊಂದರೆ ಇರುವವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳಿ. ಮಕ್ಕಳು ಕೆಳಗಿನ ಜಗಲಿಯಲ್ಲಿ ಸ್ವಲ್ಪ ಹೊತ್ತು ಮಾತ್ರ, ದೊಡ್ಡವರ ಜೊತೆಗೆ. ಒಲೆಯ ಸುತ್ತ ಮರದ ಕಟಕಟೆ ಹಾಕಿಸುವುದು ಅವರಿಗಾಗಿಯೇ.

ಬಟ್ಟೆ ಒಣಗಿಸುವ ಕೋಣೆ ಮಾಡಿಕೊಳ್ಳಬೇಡಿ. ಇಲ್ಲಿ ಸೌನಾಕ್ಕೆ ಬೆಂಕಿ ಬೀಳಲು ಒಂದು ಮುಖ್ಯ ಕಾರಣವೇ ಒಲೆಯ ಮೇಲೆ ಜಾರಿ ಬಿದ್ದ ಬಟ್ಟೆ. ಫೋನಿನಿಂದ ಒಲೆ ಹಚ್ಚುವ ವ್ಯವಸ್ಥೆ ಇದ್ದರೆ, ಹೊರಡುವ ಮೊದಲು ಒಳಗೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಎಲ್ಲರೂ ಮುಗಿಸಿದ ಮೇಲೆ ಒಲೆಯನ್ನು ಇನ್ನೂ ಹತ್ತು ನಿಮಿಷ ಬಿಟ್ಟು, ಮೇಲಿನ ಕಿಂಡಿ ತೆರೆದು, ಆಮೇಲೆ ಆರಿಸಿ. ಮರ ಒಣಗಬೇಕು.

ಕಳೆದ ಚಳಿಗಾಲ ಅಮ್ಮ ಬಂದಿದ್ದರು. ತಲೆಗೆ, ಮೈಗೆ ಹರಳೆಣ್ಣೆ ಹಚ್ಚಿಕೊಂಡೇ ಒಳಗೆ ಹೋಗಿ ಕೂತರು. "ಹಂಡೆ ಇಲ್ಲದ ಬಚ್ಚಲು" ಎಂದು ತೀರ್ಪನ್ನೂ ಕೊಟ್ಟರು. ಎಣ್ಣೆ ಹಚ್ಚಿಕೊಂಡು ಕೂರುವವರು ನಿಮ್ಮ ಮನೆಯಲ್ಲೂ ಇದ್ದರೆ ಜಗಲಿಗೆ ದಪ್ಪ ಟವೆಲ್ ಎರಡು ಮಡಿಕೆ ಹಾಸಿ. ಆಸ್ಪೆನ್ ಬಿಳಿ ಮರ, ಎಣ್ಣೆಯನ್ನು ಕುಡಿದುಬಿಡುತ್ತದೆ. ಉಪ್ಪುಕಾಗದದಲ್ಲಿ ಎರಡು ಸಲ ಉಜ್ಜಿದ್ದೇನೆ, ಕಲೆ ಹೋಗಿಲ್ಲ.